ದಾರಕ್ಕ ಕಟ್ಟಿದ ಗುಂಡು

ಬೆಟಗೇರಿ ಪ್ರೆಸ್ಸಿನ್ಯಾಗ ರಾತ್ರಿ ಹತ್ತರ ಮ್ಯಾಲ
ನಂಗ ನಾಕು ಕಾಲು:
ಡ, ಅ, ಸ, ದ.
ಹಗಲೆಲ್ಲಾ ಇವ ಅಕ್ಷರ ಒತ್ತಿ ಒತ್ತಿ
ಮಂದಿ ಮದುವಿ ಮಾಡಸ್ತೇನಿ,
ಸೊಸೈಟಿ ಇಲೆಕ್ಷನ್ನಿನ ಕರಪತ್ರ ತಿದ್ತೇನಿ.
ರಾತ್ರಿ ಆತಂದ್ರ
ಡ ಒತ್ತಿದ್ರ ಮುಂದ, ಸ ಒತ್ತಿದ್ರ ಹಿಂದ,
ಅ ಎಡಕ್ಕ, ದ ಬಲಕ್ಕ,
ಉದ್ದನ್ನ ಖಾಲಿ ಕೀಲಿ ಒತ್ತಿದ್ರ ಜಿಗತ.

ಇನ್‌ಸ್ಟಾಲ್ ಮಾಡೂ ಗದ್ದಲಿಲ್ಲ.
ಮದುವಿ ಕಾರ್ಡಿನ ಬಾಜೂಕ ಇನ್ನೊಂದು ಟ್ಯಾಬ್ ತಗದ್ರ
ಇಪ್ಪತ್ತು ವರ್ಷದ ಹಿಂದಿನ ಅದ ಮರಭೂಮಿ,
ಅದ ಹಳದಿ ಗ್ವಾಡಿ, ಅದ ಕಟಿಗಿ ಪೆಟಿಗಿ,
ಬಂದೂಕ ಹಿಡಕೊಂಡ ಹದಿನಾರು ಮಂದಿ,
ಯಾವೂರವರೋ, ಯಾರ ಮಕ್ಕಳೋ.
ಕಾಲೇಜಿನ್ಯಾಗಿದ್ದಾಗ ಸ್ಟೇಷನ್ ರೋಡಿನ ಕೆಫೆದಾಗ
ಹುಡುಗೂರು ತಾಸಿಗೆ ಹದಿನೈದು ರೂಪಾಯಿ ಕೊಟ್ಟು ಆಡತಿದ್ರು.
ಪ್ರಿಂಟ್ ತಗೊಳ್ಳೂ ನೆವದಾಗ
ನಾ ಬೆನ್ನ ಹಿಂದ ನಿಂತು ನೋಡತಿದ್ದೆ.
ಒಬ್ಬನೂ ಕುರ್ಚಿ ಬಿಡಲಿಲ್ಲ.
ಈಗ ಕುರ್ಚಿ ನಂದ. ಅಲ್ಲಿ ನನ್ನ ಹೆಸರು ಖಾರಬ್ಯಾಳಿ.

ನೆಟ್ಟು ಮಾತ್ರ ನಮ್ಮೂರಿಂದು.
ನಾ ಹೊಡದದ್ದು ಅವಂಗ ಮುಟ್ಟೂದ್ರಾಗ
ಅವ ಹೊಡದದ್ದು ನಂಗ ಮುಟ್ಟಿರತೈತಿ.
ಗ್ವಾಡಿ ಮರಿಗಿ ಬಂದಿನೆಪ್ಪಾ ಅಂತ ಉಸರ ಬಿಡೂ ಹೊತ್ತಿಗೆ
ಪರದೆ ಹೇಳತೈತಿ: ನೀ ಆಗಳೆ ಸತ್ತಿ.

ಮೊನ್ನೆ ಗೌಂಡಿ ದುರಗಪ್ಪ ಬಂದ.
ಹೆಂಡತಿ ದಿವಸದ ಕಾರ್ಡು. ಐವತ್ತ ಸಾಕು.
ಫೋಟೊ ಅಂದ್ರ ಆಧಾರ್ ಕಾರ್ಡಿಂದು,
ಹುಲಿಗೆವ್ವನ ಮಾರಿ ಹೆಬ್ಬೆಟ್ಟಿನಷ್ಟ.
"ಗಲ್ಲದ ಮ್ಯಾಲ ಕಪ್ಪ ಚುಕ್ಕಿ ಐತಿ, ತಗಿ ತಂಗಿ."
ತಗದೆ.
"ಅಲ್ಲಲ್ಲ, ಅದು ಆಕಿದ. ಇಡು."
ನಗಬಾರದು. ಇಬ್ರೂ ನಕ್ಕಿವಿ.
ಮಷಿನ್ ಹಚ್ಚೂ ಮೌಲಾಸಾಬ ಚಾಕ್ಕ ಹೋಗಿದ್ದ.
ಸುಮ್ನ ಕುಂತ ಮುದುಕನ ಮುಂದ
ಎರಡನೇ ಕಂಪ್ಯೂಟರ್ ಚಾಲೂ ಮಾಡಿ ಕೊಟ್ಟೆ.

ಅವ ಬಂದೂಕ ನೋಡಲೇ ಇಲ್ಲ. ಗ್ವಾಡಿ ನೋಡಿದ.
ಮೂಗ ತಾಗೂವಂಗ ಹತ್ರ ಹೋಗಿ ನಿಂತ.
"ಇದೇನ ತಂಗಿ, ಒಂದ ಕಲ್ಲು ಎಲ್ಲಾ ಕಡೆ?
ಗಾರಿ ಕಾಣವಲ್ದು.
ಇಷ್ಟು ಮನಿ ಅದಾವು, ಬಾವಿ ಎಲ್ಲೈತಿ?
ಹೊಗಿ ಹೋಗಾಕ ಬೆಳಕಿಂಡಿ?"
ಬೆನ್ನಿಗೆ ಯಾವನೋ ಹೊಡದ.
ಐದು, ನಾಕು, ಮೂರು...
ಮತ್ತ ಹುಟ್ಟಿದ.
"ಮತ್ತ ನಾನ?"
"ಮತ್ತ ನೀವ, ಕಾಕಾ."
ಮೌಸ್ ಮ್ಯಾಲಿನ ಕೈ ತಗದು ತೊಡಿ ಮ್ಯಾಲ ಇಟ್ಟಕೊಂಡ.

"ಗುಂಡು ಅಂದ್ರ ನಂದು ಬ್ಯಾರೆ.
ದಾರಕ್ಕ ಕಟ್ಟಿದ್ದು. ಬಿಟ್ರ ಸೀದಾ ನೆಲಾ ತೋರಸತಿತ್ತು.
ನಾ ಮ್ಯಾಲ ದಾರ ಹಿಡೀತಿದ್ದೆ,
ಆಕಿ ಗಾರಿ ಬುಟ್ಟಿ ಇಳಿಸಿ ಕೆಳಗ ಕುಂತು
ಗುಂಡ ಅಳ್ಯಾಡದಂಗ ನಿಲ್ಲಸತಿದ್ಲು."

ಹನ್ನೊಂದು ಸಲ ಸತ್ತ. ಒಬ್ಬರನ್ನೂ ಹೊಡೀಲಿಲ್ಲ.
ಹನ್ನೆರಡನೇ ಸಲಕ್ಕ, ಪೆಟಿಗಿ ಹಿಂದಿನ ಮೂಲ್ಯಾಗ,
ಪರದೆ ಮ್ಯಾಲ ಬೆರಳ ಇಟ್ಟ:
"ಇಲ್ಲಿ ತಪ್ಪ್ಯಾನ ನೋಡು. ಓಳಂಬ ಬಿಟ್ಟಿಲ್ಲ.
ಒಂದು ಇಟ್ಟಂಗಿ ಸಂದು ಬಿದ್ದೈತಿ."
ಎರಡು ವರ್ಷ ಆಡೇನಿ ನಾ, ಕಂಡಿರಲಿಲ್ಲ.

ಮೌಲಾಸಾಬ ಬಂದ. ಮಷಿನ್ ತಿರುಗಿತು.
ಹಸಿ ಮಸಿ ಉದಿಕೋತ
ಐವತ್ತು ಕಾರ್ಡು ಟವೆಲಿನ್ಯಾಗ ಸುತಗೊಂಡು
ದುರಗಪ್ಪ ಮೆಟ್ಟಲಾ ಇಳದು ಹೋದ.

ಅವನ ಟ್ಯಾಬ್ ಮುಚ್ಚಿರಲಿಲ್ಲ.
ಮರಭೂಮ್ಯಾಗ ಅವ ಇನ್ನೂ ನಿಂತಿದ್ದ,
ಜಗತ್ತಿನ ಕಡೆ ಬೆನ್ನು, ಗ್ವಾಡಿ ಕಡೆ ಮಾರಿ.
ನಾ ಹೋಗಿ ಆ ಸಂದಿನ್ಯಾಗ ಕುಂತೆ.
ಅವನ ಬೆನ್ನಿಗೆ ಬಂದವ್ರನ್ನೆಲ್ಲಾ ಕೆಡವಿದೆ,
ಒಬ್ಬ, ಇಬ್ರು, ಹತ್ತೊಂಬತ್ತು ಮಂದಿ.
ಎಂದಿಲ್ಲದ್ದು ನೆಟ್ಟೂ ಅಡ್ಡ ಬರಲಿಲ್ಲ.
ಎಲ್ಲಿದ್ದಿ, ಎಲ್ಲಿಂದ ಹೊಡೀತಿ, ಕಳ್ಳಾಟ ಹೂಡಿಯೇನ
ಅಂತ ಬರದ ಬರದರು.
ಹೇಳಲಿಲ್ಲ.
ಮೌಲಾಸಾಬ ಕೈ ಒರಸ್ಕೋತ ಬಂದು
ಮೇನ್ ಸ್ವಿಚ್ ತಗಿಯೂತನಾ
ಕುಂತ ಇದ್ದೆ.